ವ್ಯಾಧಿಯ ಹೆಸರೂ ವ್ಯಾಧಿಯ ಅಂಕೆಯೂ: ಪಿಟ್ಯುಟರಿ ಮಾಂದ್ಯದ ವರ್ಗೀಕರಣವನ್ನು ಕುರಿತ ಒಂದು ವಿಮರ್ಶೆ

ವೈದ್ಯಗ್ರಂಥವನ್ನು ವೈದ್ಯನೇ ವಿಮರ್ಶಿಸಬೇಕೆಂಬುದು ಲೋಕರೂಢಿ. ವ್ಯಾಕರಣ ತರ್ಕಗಳಲ್ಲಿ ಅಲ್ಪಸ್ವಲ್ಪ ಪರಿಶ್ರಮವುಳ್ಳವನೂ ದೇಹಶಾಸ್ತ್ರದಲ್ಲಿ ಅಧಿಕಾರವಿಲ್ಲದವನೂ ಆದ ನನ್ನಂಥವನು ರೋಗಗಳ ಪಟ್ಟಿಯೊಂದನ್ನು ಕೈಗೆತ್ತಿಕೊಂಡು ಅದರ ಗುಣದೋಷಗಳನ್ನು ಹೇಳಹೊರಟರೆ ಅದು ಸಾಹಸವೆಂದು ವಾಚಕರಿಗೆ ತೋರುವುದು ಸಹಜವೇ. ಆದರೆ ಆ ಪಟ್ಟಿಯೂ ಒಂದು ಗ್ರಂಥ. ಅದರಲ್ಲಿ ಸಂಜ್ಞೆಗಳುಂಟು, ಅಧಿಕಾರಗಳುಂಟು, ಉತ್ಸರ್ಗಗಳುಂಟು, ಅಪವಾದಗಳುಂಟು. ರೋಗವನ್ನು ಗುಣಪಡಿಸುವ ಭಾಗ ವೈದ್ಯರದು. ರೋಗಕ್ಕೆ ಇಟ್ಟ ಹೆಸರು ಸರಿಯೋ ತಪ್ಪೋ ಎಂಬ ಭಾಗದಲ್ಲಿ ಶಬ್ದವನ್ನು ಓದುವವರಿಗೂ ಮಾತನಾಡಲು ಕೊಂಚ ಎಡೆಯಿದೆಯೆಂದು ನಂಬಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ನನ್ನನ್ನು ಈ ವಿಚಾರಕ್ಕೆ ಎಳೆದುದು ಒಂದು ಕಾಗದ. ನಮ್ಮ ಬಂಧುವರ್ಗದ ಹೆಣ್ಣುಮಗಳೊಬ್ಬಳು ಅನೇಕ ವರ್ಷಗಳ ಕಾಲ ನಿಶ್ಶಕ್ತಿಯಿಂದ ನರಳಿ, ಹಲವರಲ್ಲಿ ಹಲವು ಔಷಧಗಳನ್ನು ಸೇವಿಸಿ, ಕೊನೆಗೆ ಆಸ್ಪತ್ರೆಯೊಂದರಿಂದ ಮನೆಗೆ ಹಿಂದಿರುಗಿದಾಗ ಕೈಯಲ್ಲಿದ್ದ ಕಾಗದದಲ್ಲಿ ರೋಗದ ಹೆಸರಿರಬೇಕಾದ ಎಡೆಯಲ್ಲಿ ‘ಇ ೨೩.೦’ ಎಂದಿತ್ತು. ಸಂಸ್ಕೃತ ಬಲ್ಲವನಿಗೆ ಎಲ್ಲ ಸಂಕೇತಗಳೂ ತಿಳಿದಿರುವುವೆಂಬ ನಂಬಿಕೆಯಿಂದ ಮನೆಯವರು ಅದನ್ನು ನನ್ನಲ್ಲಿಗೆ ತಂದರು. ಓದುವುದು ಸುಲಭವಾಯಿತು, ಅರ್ಥ ಹೇಳುವುದು ಸುಲಭವಾಗಲಿಲ್ಲ. ಆ ಅರ್ಥವನ್ನು ಹುಡುಕುತ್ತ ಹೋದಾಗ ಕಂಡುಬಂದ ವಿಷಯಗಳನ್ನು ವಿದ್ವಾಂಸರ ಮುಂದಿಡುತ್ತೇನೆ.

೧

ತಲೆಬುರುಡೆಯ ತಳದಲ್ಲಿ, ತುರ್ಕರ ಕುದುರೆಯ ಜೀನನ್ನು ಹೋಲುವ ಎಲುಬಿನ ಗುಣಿಯೊಂದರಲ್ಲಿ, ಕಡಲೆಕಾಳಿನಷ್ಟು ಗಾತ್ರದ, ಸುಮಾರು ಅರ್ಧ ಗ್ರಾಮು ತೂಕದ ಗ್ರಂಥಿಯೊಂದು ಮಿದುಳಿನಿಂದ ತೊಟ್ಟಿನ ಮೂಲಕ ತೂಗುತ್ತಿರುವುದು. ಇದೇ ಪಿಟ್ಯುಟರಿ ಗ್ರಂಥಿ. ಇದರ ಮುಂಭಾಗದಿಂದ ದೇಹದ ಬೆಳವಣಿಗೆ, ಸ್ತನ್ಯ, ಥೈರಾಯಿಡ್ ಮತ್ತು ಅಡ್ರೀನಲ್ ಗ್ರಂಥಿಗಳ ವ್ಯಾಪಾರ, ಋತುಧರ್ಮ, ಬೀಜೋತ್ಪತ್ತಿ ಇವುಗಳನ್ನು ನಡೆಸುವ ಹಾರ್ಮೋನುಗಳು ಹೊರಡುವುವು. ಮೂತ್ರದ ಪ್ರಮಾಣವನ್ನು ಹಿಡಿತದಲ್ಲಿಡುವ ವಾಸೊಪ್ರೆಸಿನ್ ಮತ್ತು ಹಾಲನ್ನು ಹೊರದೂಡುವ ಆಕ್ಸಿಟೋಸಿನ್ ಎಂಬೆರಡು ಮೇಲಿರುವ ಹೈಪೊಥಲಮಸ್ಸಿನಲ್ಲಿ ಹುಟ್ಟಿ ಹಿಂಭಾಗದಿಂದ ಹೊರಬೀಳುವುವು. ಈ ವ್ಯಾಪಾರಗಳಲ್ಲಿ ಒಂದೋ ಹಲವೋ ಎಲ್ಲವೋ ಕುಗ್ಗುವುದೇ ಪ್ರಕೃತ ವ್ಯಾಧಿ.

ಗ್ರಂಥಿಯ ಹೆಸರಿನಲ್ಲಿಯೇ ಒಂದು ತಪ್ಪು ಅಡಗಿದೆ. ಲ್ಯಾಟಿನ್ ಭಾಷೆಯಲ್ಲಿ ‘ಪಿಟ್ಯುಟ’ ಎಂದರೆ ಶ್ಲೇಷ್ಮ. ಮಿದುಳಿನ ಕಲ್ಮಷವು ಶ್ಲೇಷ್ಮರೂಪದಿಂದ ಈ ಮಾರ್ಗವಾಗಿ ಇಳಿದು ಮೂಗಿಗೂ ಅಂಗುಳಿಗೂ ಬರುವುದೆಂಬುದು ಗ್ಯಾಲೆನ್ ಎಂಬ ಪ್ರಾಚೀನ ವೈದ್ಯನ ಮತ. ೧೫೪೩ರಲ್ಲಿ ಪ್ರಕಟವಾದ ತನ್ನ ಶರೀರಗ್ರಂಥದಲ್ಲಿ ವೆಸೇಲಿಯಸನು ಇದನ್ನು ಮಿದುಳಿನ ಶ್ಲೇಷ್ಮವನ್ನು ಸ್ವೀಕರಿಸುವ ಗ್ರಂಥಿಯೆಂದೇ ಕರೆದನು. ೧೭ನೆಯ ಶತಮಾನದಲ್ಲಿ ಜರ್ಮನಿಯ ಷ್ನೈಡರನೂ ಇಂಗ್ಲೆಂಡಿನ ಲೋವರನೂ ಅಂಥ ಮಾರ್ಗವಿಲ್ಲವೆಂದು ಸಾಧಿಸಿದರು. ಮತವು ಬಿದ್ದುಹೋಯಿತು, ಹೆಸರು ಉಳಿಯಿತು. ಯೋಗಾರ್ಥವು ನಷ್ಟವಾಗಿ ರೂಢಿಯೊಂದೇ ನಿಂತ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದುರ್ಲಭ. ರೂಢಶಬ್ದದಿಂದ ಹಾನಿಯಿಲ್ಲ, ಅದನ್ನು ಯೌಗಿಕವೆಂದು ಭ್ರಮಿಸಿ ‘ಶ್ಲೇಷ್ಮಗ್ರಂಥಿ’ ಎಂದು ಅನುವಾದಿಸಿದರೆ ಮಾತ್ರ ಹಾನಿ.

ಹಿಂದಿಯವರು ಇದಕ್ಕೆ ‘ಪೀಯೂಷಗ್ರಂಥಿ’ ಎಂಬ ಹೆಸರನ್ನು ಬಳಕೆಗೆ ತಂದಿರುವರು. ಪಿಟ್ಯುಟರಿ, ಪೀಯೂಷ ಎಂಬೆರಡರ ಧ್ವನಿಸಾಮ್ಯವು ಇಲ್ಲಿ ಸ್ಪಷ್ಟವಾಗಿಯೇ ಇದೆ. ಬರಿಯ ಧ್ವನಿಸಾಮ್ಯವನ್ನು ನಂಬಿ ಶಬ್ದವನ್ನು ಕಟ್ಟುವುದು ಸಾಮಾನ್ಯವಾಗಿ ದೋಷವೇ. ಆದರೆ ಈ ಶಬ್ದದ ವಿಷಯದಲ್ಲಿ ಒಂದು ಕಾಕತಾಲೀಯ ನಡೆದಿದೆ. ಅಮರಸಿಂಹನು ಪೀಯೂಷಶಬ್ದವನ್ನು ಸ್ವರ್ಗವರ್ಗದಲ್ಲಿ ಅಮೃತಕ್ಕೂ, ವೈಶ್ಯವರ್ಗದಲ್ಲಿ ಹೊಸದಾಗಿ ಕರೆದ ಹಾಲಿಗೂ, ಎಂದರೆ ನಮ್ಮವರು ಗಿಣ್ಣುಹಾಲೆನ್ನುವುದಕ್ಕೂ ಹೇಳಿರುವನು. ಹಾಲನ್ನು ಉಂಟುಮಾಡುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೊರಡುವುದು ಈ ಗ್ರಂಥಿಯಿಂದಲೇ. ಹೆರಿಗೆಯಲ್ಲಿ ಈ ಗ್ರಂಥಿ ಸತ್ತಾಗ ಮೊದಲು ಕಾಣುವ ಚಿಹ್ನೆಯೂ ತಾಯಿಗೆ ಮೊದಲ ಹಾಲು ಬಾರದಿರುವುದೇ. ಧ್ವನಿಯನ್ನು ಹುಡುಕಿದವರಿಗೆ ಅರ್ಥವು ತಾನಾಗಿ ಒದಗಿತು. ಈ ಮಾತನ್ನು ಶಬ್ದಚಮತ್ಕಾರಕ್ಕಾಗಿ ಹೇಳಲಿಲ್ಲ. ಮುಂದಿನ ವಿಚಾರಕ್ಕೆ ಇದು ಬೇಕಾಗುತ್ತದೆ.

೨

ಇನ್ನು ಅಂಕೆಯ ವಿಚಾರ. ಮರಣಕಾರಣಗಳನ್ನು ದೇಶದೇಶಗಳಲ್ಲಿ ಒಂದೇ ಕ್ರಮದಿಂದ ಎಣಿಸಬೇಕೆಂಬ ಉದ್ದೇಶದಿಂದ ಫ್ರಾನ್ಸಿನ ಬರ್ತಿಯೋನನು ೧೮೯೩ರಲ್ಲಿ ಒಂದು ಪಟ್ಟಿಯನ್ನು ಒಪ್ಪಿಸಿದನು. ಅದು ಮತ್ತೆ ಮತ್ತೆ ಪರಿಷ್ಕೃತವಾಗುತ್ತ, ೧೯೪೮ರ ಆರನೆಯ ಪರಿಷ್ಕರಣದ ಕಾಲಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂದು, ಮರಣದ ಪಟ್ಟಿಯಾಗಿದ್ದುದು ರೋಗಗಳ ಪಟ್ಟಿಯೂ ಆಯಿತು. ಹತ್ತನೆಯ ಪರಿಷ್ಕರಣವು ೧೯೯೦ರಲ್ಲಿ ಅಂಗೀಕೃತವಾಯಿತು. ಹನ್ನೊಂದನೆಯದು ೨೦೧೯ರಲ್ಲಿ ಅಂಗೀಕೃತವಾಗಿ ೨೦೨೨ರ ಜನವರಿ ೧ರಿಂದ ಜಾರಿಗೆ ಬಂದಿದೆಯಾದರೂ ಆಸ್ಪತ್ರೆಗಳ ಕಾಗದಗಳಲ್ಲಿ ಹತ್ತನೆಯದರ ಅಂಕೆಗಳು ಇನ್ನೂ ಕಾಣುತ್ತಲೇ ಇವೆ. ‘ಇ ೨೩.೦’ ಎಂಬುದು ಆ ಹತ್ತನೆಯದಕ್ಕೆ ಸೇರಿದುದು.

ಈ ಪಟ್ಟಿಯ ರಚನೆಯನ್ನು ನೋಡಿದರೆ ಸೂತ್ರಕಾರರ ಪದ್ಧತಿಯು ನೆನಪಿಗೆ ಬರುತ್ತದೆ. ‘ಇ ೨೩’ ಎಂಬುದು ಪಿಟ್ಯುಟರಿಯ ಹೀನವ್ಯಾಪಾರ ಮತ್ತು ಇತರ ವಿಕಾರಗಳೆಂಬ ಅಧಿಕಾರ. ವಿಕಾರವು ಪಿಟ್ಯುಟರಿಯಲ್ಲಿರಲಿ ಹೈಪೊಥಲಮಸ್ಸಿನಲ್ಲಿರಲಿ ಇಲ್ಲಿಯೇ ಎಣಿಸತಕ್ಕದ್ದೆಂದು ಆರಂಭದಲ್ಲಿ ಹೇಳಿರುವ ಮಾತು ಕೆಳಗಿನ ಎಲ್ಲ ವಿಭಾಗಗಳಿಗೂ ಅನುವರ್ತಿಸುತ್ತದೆ. ಶಸ್ತ್ರಚಿಕಿತ್ಸೆ ಮೊದಲಾದ ಕ್ರಮಗಳಿಂದ ಉಂಟಾದ ಮಾಂದ್ಯಕ್ಕೆ ‘ಇ ೮೯.೩’ ಎಂಬ ಬೇರೆ ಸ್ಥಾನ. ಔಷಧದಿಂದ ಉಂಟಾದುದಕ್ಕೆ ‘ಇ ೨೩.೧’. ಇವು ಅಪವಾದಗಳು. ಅಪವಾದಗಳು ಬಿಟ್ಟುಳಿದ ವಿಷಯದಲ್ಲಿ ‘ಇ ೨೩.೦’ ಎಂಬ ಉತ್ಸರ್ಗವು ಪ್ರವರ್ತಿಸುತ್ತದೆ. ಇಷ್ಟರಮಟ್ಟಿಗೆ ರಚನೆಯು ಶ್ಲಾಘ್ಯವೇ. ಗ್ರಂಥಕಾರರು ಮಿತಾಕ್ಷರರು; ಒಂದು ವಿಕಾರಕ್ಕೆ ಎರಡು ಸ್ಥಾನಗಳು ಪ್ರಾಪ್ತವಾಗದಂತೆ ಎಚ್ಚರ ವಹಿಸಿದ್ದಾರೆ.

ದೋಷವು ಉತ್ಸರ್ಗದ ಒಡಲಲ್ಲಿದೆ. ‘ಇ ೨೩.೦’ ಎಂಬ ಒಂದೇ ಅಂಕೆಯ ಕೆಳಗೆ ಬರುವವರು ಯಾರು ಯಾರು? ಬೆಳವಣಿಗೆಯ ಹಾರ್ಮೋನು ಹುಟ್ಟಿನಿಂದಲೇ ಸಾಲದೆ ಕುಳ್ಳಾಗಿ ಉಳಿಯುವ ಮಗು ಒಂದು. ಯೌವನವು ಬಾರದೆ, ವಾಸನೆಯೂ ತಿಳಿಯದೆ ಇರುವ, ಕಾಲ್ಮನ್ ಎಂಬವನ ಹೆಸರಿನ ರೋಗವುಳ್ಳ ತರುಣನು ಎರಡನೆಯವನು. ಗ್ರಂಥಿಯ ಸಕಲ ವ್ಯಾಪಾರಗಳೂ ನಿಂತವನು ಮೂರನೆಯವನು. ಹೆರಿಗೆಯಲ್ಲಿ ಅತಿಯಾಗಿ ರಕ್ತ ಹೋದುದರಿಂದ ಗ್ರಂಥಿಯ ಮುಂಭಾಗವು ಸತ್ತುಹೋದ ತಾಯಿ ನಾಲ್ಕನೆಯವಳು. ಒಂದೇ ಒಂದು ಹಾರ್ಮೋನಿನ ಕೊರತೆಯೂ ಇಲ್ಲಿಯೇ, ಎಲ್ಲವುಗಳ ಕೊರತೆಯೂ ಇಲ್ಲಿಯೇ. ಕಾರಣವು ಬೇರೆ, ಕಾಲವು ಬೇರೆ, ಲಿಂಗವಯಸ್ಸುಗಳು ಬೇರೆ, ಚಿಕಿತ್ಸೆಯೂ ಬಹುಭಾಗ ಬೇರೆ. ಸಮಾನವಾದುದು ಸ್ಥಾನವೊಂದೇ. ಇತ್ತ ಸ್ಥಾನವನ್ನೇ ಪ್ರಮಾಣವಾಗಿಟ್ಟುಕೊಂಡರೆಂದು ಹೇಳೋಣವೆಂದರೆ, ಔಷಧಜವನ್ನೂ ಶಸ್ತ್ರಜವನ್ನೂ ಕಾರಣದ ಬಲದಿಂದ ಪ್ರತ್ಯೇಕಿಸಿದ್ದಾರೆ. ಔಷಧವು ಕಾರಣವಾದಾಗ ಬೇರೆ ಅಂಕೆಯಿದ್ದರೆ ಹೆರಿಗೆಯ ರಕ್ತಸ್ರಾವವು ಕಾರಣವಾದಾಗ ಏಕೆ ಬೇಡ? ವಿಭಾಜಕಧರ್ಮವು ನಡುವಿನಲ್ಲಿ ಬದಲಾಗುವುದನ್ನು ತಾರ್ಕಿಕರು ಸಂಕರವೆನ್ನುವರು.

ಇದಕ್ಕಿಂತ ವಿಚಾರಣೀಯವಾದ ಅಂಶವು ಬೇರೊಂದೆಡೆಯಲ್ಲಿದೆ. ಅದೇ ಪಟ್ಟಿಯ ೧೫ನೆಯ ಅಧ್ಯಾಯವು ಗರ್ಭ, ಪ್ರಸವ, ಸೂತಿಕಾಕಾಲಗಳ ವಿಕಾರಗಳಿಗೆ ಮೀಸಲಾದುದು. ಅಲ್ಲಿ ಪ್ರಸವಾನಂತರದ ರಕ್ತಸ್ರಾವಕ್ಕೆ ಸ್ಥಾನವಿದೆ. ಆದರೆ ಆ ರಕ್ತಸ್ರಾವದ ಫಲವಾಗಿ ಪಿಟ್ಯುಟರಿಯು ಸಾಯುವುದನ್ನು ಅಧ್ಯಾಯದ ಆರಂಭದಲ್ಲಿಯೇ ಹೊರಗಿಟ್ಟು, ‘ಇ ೨೩.೦’ದಲ್ಲಿ ನೋಡತಕ್ಕದ್ದೆಂದು ವಿಧಿಸಿದ್ದಾರೆ. ತವರಿನ ಬಾಗಿಲು ಹೀಗೆ ಮುಚ್ಚಿತು. ಹೋಗಿ ಸೇರಿದ ಮನೆಯಲ್ಲಿ ಅವಳನ್ನು ಗುರುತಿಸುವ ಪ್ರತ್ಯೇಕ ಸಂಜ್ಞೆಯಿಲ್ಲ. ಇದರಿಂದ ತಾಯಂದಿರ ರೋಗಗಳನ್ನು ಎಣಿಸುವವರ ಲೆಕ್ಕದಲ್ಲಿ ಅವಳು ಬರುವುದಿಲ್ಲ. ಗ್ರಂಥಿರೋಗಗಳನ್ನು ಎಣಿಸುವವರ ಲೆಕ್ಕದಲ್ಲಿ ಬಂದರೂ ಅವಳು ತಾಯಿಯೆಂಬುದು ಆ ಅಂಕೆಯಿಂದ ತಿಳಿಯುವುದಿಲ್ಲ. ನಮ್ಮ ಮಾಧವಕರನು ರೋಗವಿನಿಶ್ಚಯದಲ್ಲಿ ಸೂತಿಕಾರೋಗಗಳಿಗೆ ಪ್ರತ್ಯೇಕ ಪ್ರಕರಣವನ್ನು ಕೊಟ್ಟು, ಜ್ವರ ಅತಿಸಾರ ಶೋಫ ಮೊದಲಾಗಿ ಬೇರೆಡೆಗಳಲ್ಲಿ ಹೇಳಿದ ವಿಕಾರಗಳನ್ನೂ ಸೂತಿಕೆಯಲ್ಲಿ ಹುಟ್ಟಿದಾಗ ಆ ಪ್ರಕರಣದಲ್ಲಿ ಸೇರಿಸಿದನು. ಅವನಿಗೆ ಪಿಟ್ಯುಟರಿ ತಿಳಿದಿತ್ತೆಂದು ನಾನು ಹೇಳುತ್ತಿಲ್ಲ. ಯಾವ ಸಂಬಂಧವನ್ನು ಕಡಿಯಬಾರದೆಂಬುದು ತಿಳಿದಿತ್ತೆಂದಷ್ಟೇ ಹೇಳುತ್ತೇನೆ.

೩

ಅಂಕೆಯ ಕೆಳಗೆ ಕೊಟ್ಟಿರುವ ಹೆಸರುಗಳನ್ನೂ ಪರೀಕ್ಷಿಸೋಣ. ಷೀಹನ್ ಲಕ್ಷಣಸಮೂಹ, ಸಿಮಂಡ್ಸ್ ರೋಗ, ಪ್ರಸವಾನಂತರದ ಗ್ರಂಥಿನಾಶ, ಪಿಟ್ಯುಟರಿ ಕಾರ್ಶ್ಯ ಎಂಬ ನಾಲ್ಕು ಹೆಸರುಗಳು ಪಕ್ಕಪಕ್ಕದಲ್ಲಿ ಪರ್ಯಾಯಗಳಂತೆ ಕಾಣುತ್ತವೆ. ಅವು ಪರ್ಯಾಯಗಳಲ್ಲ. ಮೊದಲೆರಡು ವ್ಯಕ್ತಿನಾಮಗಳು, ಮೂರನೆಯದು ಹೇತುವನ್ನು ಹೇಳುವ ಯೌಗಿಕ, ನಾಲ್ಕನೆಯದು ಲಕ್ಷಣವನ್ನು ಹೇಳುವುದು.

ಇವುಗಳ ಇತಿಹಾಸವು ಬೋಧಪ್ರದವಾಗಿದೆ. ೧೯೧೩ರಲ್ಲಿ ಪೋಲೆಂಡಿನ ಗ್ಲಿನ್ಸ್ಕಿ ಎಂಬ ವೈದ್ಯನು ಹೆರಿಗೆಯ ತರುವಾಯ ಮೃತರಾದ ಸ್ತ್ರೀಯರಲ್ಲಿ ಈ ಗ್ರಂಥಿಯು ನಾಶವಾಗಿದ್ದುದನ್ನು ಬರೆದನು. ಮರುವರ್ಷ ಹ್ಯಾಂಬರ್ಗಿನ ಸಿಮಂಡ್ಸನು ಗ್ರಂಥಿನಾಶವನ್ನೂ ದೇಹದ ವಿಪರೀತ ಕಾರ್ಶ್ಯವನ್ನೂ ಸೇರಿಸಿ ವರ್ಣಿಸಿದನು. ರೋಗಕ್ಕೆ ಅವನ ಹೆಸರು ಬಿದ್ದಿತು. ೧೯೩೭ರಲ್ಲಿ ಇಂಗ್ಲಿಷ್ ವೈದ್ಯನಾದ ಷೀಹನನು ಹೆರಿಗೆಯ ಅತಿಯಾದ ರಕ್ತಸ್ರಾವಕ್ಕೂ ಗ್ರಂಥಿಯ ಮುಂಭಾಗದ ನಾಶಕ್ಕೂ ಇರುವ ಸಂಬಂಧವನ್ನು ವಿಶದಪಡಿಸಿದನು. ಗರ್ಭಕಾಲದಲ್ಲಿ ಗ್ರಂಥಿಯು ಸಹಜವಾಗಿ ಬೆಳೆದು ದೊಡ್ಡದಾಗಿರುವುದು. ಆಗಲೇ ರಕ್ತದ ಒತ್ತಡವು ಹಠಾತ್ತಾಗಿ ಇಳಿದರೆ ಅದಕ್ಕೆ ಸಾಕಷ್ಟು ರಕ್ತ ಸಲ್ಲದೆ ಸಾಯುವುದು. ಇಂಥ ರೋಗಿಗಳಲ್ಲಿ ಹೆಚ್ಚಿನವರು ವಿಪರೀತವಾಗಿ ಕೃಶರಾಗಿರುವುದಿಲ್ಲವೆಂಬುದೂ ಷೀಹನನ ಪರಿಶೀಲನೆಯಿಂದ ಹೊರಬಿದ್ದಿತು.

ಈ ಕಾರ್ಶ್ಯದ ಪ್ರಸಂಗವು ಬರಿಯ ಪಂಡಿತಚರ್ಚೆಯಲ್ಲ. ಗೋವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಹಸುವು ಹೊರಗುಳಿದು ಅವ್ಯಾಪ್ತಿಯಾಗುವುದು. ಕೊಂಬಿರುವಿಕೆಯೇ ಲಕ್ಷಣವೆಂದರೆ ಎಮ್ಮೆಯೂ ಒಳಬಂದು ಅತಿವ್ಯಾಪ್ತಿಯಾಗುವುದು. ಕಾರ್ಶ್ಯವನ್ನು ಲಕ್ಷಣವೆಂದು ಹಿಡಿದುದರಿಂದ ಎರಡು ದೋಷಗಳೂ ಒಟ್ಟಿಗೆ ಪ್ರಾಪ್ತವಾದುವು. ಮನೋವ್ಯಥೆಯಿಂದ ಊಟವನ್ನು ತ್ಯಜಿಸಿ ಸೊರಗಿದ ಎಷ್ಟೋ ಯುವತಿಯರಿಗೆ ಆ ದಶಕಗಳಲ್ಲಿ ಸಿಮಂಡ್ಸ್ ರೋಗವೆಂದು ಹೆಸರಿಟ್ಟು ಗ್ರಂಥಿಯ ಸತ್ತ್ವವನ್ನು ಕೊಟ್ಟರು. ನಿಜವಾಗಿ ಗ್ರಂಥಿಯನ್ನು ಕಳೆದುಕೊಂಡ ತಾಯಂದಿರು ಮೈತುಂಬಿಕೊಂಡೇ ಇದ್ದುದರಿಂದ ಅವರ ರೋಗವು ಗುರುತಾಗದೆ ಹೋಯಿತು. ತಪ್ಪೆಂದು ತಿಳಿದು ಇಷ್ಟು ಕಾಲವಾದ ಮೇಲೆಯೂ ‘ಪಿಟ್ಯುಟರಿ ಕಾರ್ಶ್ಯ’ವೆಂಬ ಹೆಸರು ೧೯೯೦ರ ಪಟ್ಟಿಯಲ್ಲಿ ಉಳಿದು ಬಂದಿದೆ. ಗ್ಯಾಲೆನನ ಶ್ಲೇಷ್ಮದಂತೆಯೇ ಇದೂ ಬಿದ್ದ ಮತದ ನಿಂತ ಹೆಸರು. ಅದಾದರೋ ನಿರಪಾಯಕರ, ಇದು ಹಾಗಲ್ಲ.

೪

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ‘ಅಂಕೆಗಳ ಪಟ್ಟಿಯು ಎಣಿಕೆಗಾಗಿ ಹುಟ್ಟಿದುದು, ಲಕ್ಷಣಗ್ರಂಥವಲ್ಲ. ಧಾನ್ಯವನ್ನು ಅಳೆಯುವ ಬಳ್ಳವು ಧಾನ್ಯದ ರುಚಿಯನ್ನು ಹೇಳುವುದಿಲ್ಲವೆಂದು ದೂರುವುದು ನ್ಯಾಯವೆ? ಎಲ್ಲ ಭೇದಗಳಿಗೂ ಅಂಕೆ ಕೊಟ್ಟರೆ ಪಟ್ಟಿಯು ಅನಂತವಾಗುವುದು.’

ಈ ಆಕ್ಷೇಪವು ಬಲವುಳ್ಳದ್ದೇ. ಚರಕಸಂಹಿತೆಯ ಸೂತ್ರಸ್ಥಾನದ ೧೮ನೆಯ ಅಧ್ಯಾಯದಲ್ಲಿ, ರೋಗಗಳಿಗೆಲ್ಲ ನಿಯತವಾದ ಹೆಸರಿಲ್ಲ, ಹೆಸರು ಹೇಳಲಾರದೆ ಹೋದುದಕ್ಕೆ ವೈದ್ಯನು ನಾಚಬೇಕಾದುದಿಲ್ಲ, ರೋಗದ ಪ್ರಕೃತಿಯನ್ನೂ ಅಧಿಷ್ಠಾನವನ್ನೂ ಹೇತುವನ್ನೂ ತಿಳಿದು ಕಾರ್ಯಕ್ಕೆ ತೊಡಗಬೇಕೆಂಬ ಅಭಿಪ್ರಾಯವು ಬಂದಿದೆ. ಹೆಸರಿಗಿಂತ ಜ್ಞಾನವು ದೊಡ್ಡದೆಂಬುದೇ ಅದರ ತಾತ್ಪರ್ಯ. ಅಂಕೆಯು ಎಣಿಕೆಯ ಮನೆಯಲ್ಲಿಯೇ ಇದ್ದಿದ್ದರೆ ನನ್ನ ತಕರಾರಿಗೆ ಎಡೆಯಿರುತ್ತಿರಲಿಲ್ಲ.

ಆದರೆ ಈಗ ಅದು ಆ ಮನೆಯನ್ನು ಬಿಟ್ಟು ಹೊರಟಿದೆ. ವೈದ್ಯನ ಮೇಜಿನ ಮೇಲೂ, ವಿಮೆಯ ಹಣ ಕೊಡುವವನ ಲೆಕ್ಕದಲ್ಲಿಯೂ, ರೋಗಿಯ ಕೈಯ ಕಾಗದದಲ್ಲಿಯೂ ಅದು ಹೆಸರಿನ ಸ್ಥಾನವನ್ನೇ ಆಕ್ರಮಿಸಿದೆ. ಹೆಸರಿನ ಸ್ಥಾನದಲ್ಲಿ ನಿಂತುದು ಹೆಸರಿನ ಕೆಲಸವನ್ನೂ ಮಾಡಬೇಕು. ಎರಡನೆಯದಾಗಿ, ಬೇರೆಯಾಗಿ ಎಣಿಸದ ದುಃಖವು ಬೇರೆಯಾಗಿ ಕಾಣುವುದೂ ಇಲ್ಲ. ಕಾಶ್ಮೀರದ ಕಣಿವೆಯಲ್ಲಿ ವೈದ್ಯರು ಮನೆಮನೆಗೆ ಹೋಗಿ ವಿಚಾರಿಸಿ ೨೦೦೫ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಹೆತ್ತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಹೆರಿಗೆಯಿಂದಾದ ಗ್ರಂಥಿಮಾಂದ್ಯವಿರುವುದಾಗಿ ಅಂದಾಜು ಮಾಡಿದರು. ಅವರಲ್ಲಿ ಬಹುಮಂದಿ ಮನೆಯಲ್ಲಿಯೇ ಹೆತ್ತವರು. ಈ ಸಂಖ್ಯೆಯು ಅಂಕೆಗಳ ಕಡತದಿಂದ ಹೊರಟುದಲ್ಲ, ತಾಯಂದಿರನ್ನು ಕೇಳಿದುದರಿಂದ ಹೊರಟುದು. ಹನ್ನೊಂದನೆಯ ಪರಿಷ್ಕರಣದಲ್ಲಿ ‘೫ಎ೬೧’ ಎಂಬ ಅಂಕೆಯ ಕೆಳಗೆ ಒಂದೊಂದು ಹಾರ್ಮೋನಿನ ಕೊರತೆಗೂ ಪ್ರತ್ಯೇಕ ಸ್ಥಾನ ಕಲ್ಪಿಸಿರುವುದು ಸಂತೋಷದ ವಿಷಯ. ಆದರೆ ಹಾರ್ಮೋನಿನ ಭೇದವು ಬೇರೆ, ಹೇತುವಿನ ಭೇದವು ಬೇರೆ. ಮೊದಲನೆಯದನ್ನು ಸರಿಪಡಿಸಿದ ಮಾತ್ರಕ್ಕೆ ಎರಡನೆಯದು ಸಿದ್ಧವಾಗದು.

೫

ಅಂಕೆಯು ರೋಗನಿರ್ಣಯದ ಕೊನೆಯ ಮೆಟ್ಟಿಲು. ಅಲ್ಲಿಗೆ ಏರುವ ಹಾದಿಯನ್ನೂ ಸ್ವಲ್ಪ ನೋಡಬೇಕು. ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ನಿದಾನಪಂಚಕವು ವಿದ್ವಾಂಸರಿಗೆ ಪರಿಚಿತವೇ. ಹೆರಿಗೆಯಿಂದಾದ ಗ್ರಂಥಿಮಾಂದ್ಯವನ್ನು ಈ ಕ್ರಮದಲ್ಲಿ ಇಟ್ಟು ನೋಡಿದರೆ ವಿಷಯವು ತಿಳಿಯಾಗುತ್ತದೆ. ರಕ್ತಸ್ರಾವವು ನಿದಾನ. ಹಾಲು ಬಾರದಿರುವುದು ಪೂರ್ವರೂಪದ ಸ್ಥಾನದಲ್ಲಿರುವುದು. ಮುಟ್ಟು ಮರಳದಿರುವುದು, ಕಂಕುಳು ಮೊದಲಾದೆಡೆಗಳ ಕೂದಲು ಉದುರುವುದು, ಚಳಿಯನ್ನು ಸಹಿಸಲಾರದಿರುವುದು, ಬಿಳಿಚಿಕೊಳ್ಳುವುದು, ರಕ್ತದ ಒತ್ತಡವೂ ಉಪ್ಪಿನಂಶವೂ ಇಳಿಯುವುದು ಇವು ರೂಪ. ಗ್ರಂಥಿಗೆ ರಕ್ತ ಸಲ್ಲದೆ ಅದು ಸಾಯುವ ಕ್ರಮವು ಸಂಪ್ರಾಪ್ತಿ.

ಇವೆಲ್ಲವೂ ಒಂದೇ ದಿನ ಕಾಣುವುವಲ್ಲ. ಹೆರಿಗೆಗೂ ನಿರ್ಣಯಕ್ಕೂ ನಡುವೆ ಹತ್ತು ವರ್ಷಗಳೂ ಅದಕ್ಕಿಂತ ಹೆಚ್ಚೂ ಕಳೆಯುವುದುಂಟು. ಆ ಅವಧಿಯಲ್ಲಿ ನಿಶ್ಶಕ್ತಿಗೆ ಒಂದು ಔಷಧ, ರಕ್ತಹೀನತೆಗೆ ಒಂದು, ಮಂಕುತನಕ್ಕೆ ಒಂದು ಎಂದು ರೂಪಗಳಿಗೆ ಬಿಡಿಬಿಡಿಯಾಗಿ ಚಿಕಿತ್ಸೆ ನಡೆಯುತ್ತದೆ. ಪದಗಳಿಗೆಲ್ಲ ಅರ್ಥ ಬರೆದು ವಾಕ್ಯಾರ್ಥವನ್ನು ಬಿಟ್ಟ ಟೀಕೆಯಂತೆ ಆಗುತ್ತದೆ.

ಪರೀಕ್ಷೆಗಳಲ್ಲಿಯೂ ವಂಚನೆಗಳಿವೆ. ಥೈರಾಯಿಡ್ಡನ್ನು ಪರೀಕ್ಷಿಸುವಾಗ ಅದನ್ನು ಪ್ರಚೋದಿಸುವ ಪಿಟ್ಯುಟರಿಯ ಹಾರ್ಮೋನಿನ ಮಟ್ಟವನ್ನು ಮಾತ್ರ ಅಳೆಯುವುದು ಅನೇಕ ಕಡೆಗಳಲ್ಲಿರುವ ವಾಡಿಕೆ. ಥೈರಾಯಿಡ್ಡೇ ಕೆಟ್ಟಾಗ ಆ ಮಟ್ಟವು ಏರುವುದು. ಕೆಟ್ಟುದು ಪಿಟ್ಯುಟರಿಯಾದರೆ ಏರಬೇಕಾದುದು ಏರುವುದಿಲ್ಲ. ಎಷ್ಟೋ ವೇಳೆ ಸಹಜವೆಂದೇ ತೋರುವುದು. ಥೈರಾಕ್ಸಿನ್ನನ್ನೂ ಜತೆಯಲ್ಲಿ ಅಳೆದಾಗಲೇ ಗುಟ್ಟು ಹೊರಬೀಳುವುದು. ಆಜ್ಞೆಯನ್ನು ಹೊರಡಿಸುವವನೇ ಮೂಕನಾದಾಗ ಆಜ್ಞೆಗಳ ಸಂಖ್ಯೆಯನ್ನು ನೋಡಿ ರಾಜ್ಯವು ಕ್ಷೇಮವೆನ್ನುವುದು ಹೇಗೆ? ಮುಟ್ಟು ನಿಲ್ಲುವ ವಯಸ್ಸು ದಾಟಿದ ಸ್ತ್ರೀಯರಲ್ಲಿ ಬೀಜಕೋಶವನ್ನು ಪ್ರಚೋದಿಸುವ ಹಾರ್ಮೋನುಗಳು ಸಹಜವಾಗಿ ಏರಿರಬೇಕು. ಅವು ಏರದಿರುವುದೇ ಒಂದು ಸೂಚನೆ. ಇರಬೇಕಾದುದು ಇಲ್ಲದಿರುವುದನ್ನೂ ಪ್ರಮಾಣವೆಂದು ಬಗೆಯುವ ಅನುಪಲಬ್ಧಿವಾದಿಗಳಿಗೆ ಇದು ಒಪ್ಪಿಗೆಯಾಗುವ ಮಾತು.

ಉಪಶಯಕ್ಕೆ ಹತ್ತಿರವಾದ ಕ್ರಮವೂ ಉಂಟು. ಗೂಢಲಿಂಗವಾದ ವ್ಯಾಧಿಯನ್ನು ಔಷಧಾದಿಗಳ ಪ್ರಯೋಗದಿಂದ ತಿಳಿಯಬೇಕೆಂಬುದು ಪ್ರಾಚೀನರ ಮತ. ಇಂದಿನವರು ಇನ್ಸುಲಿನ್ ಕೊಟ್ಟು ರಕ್ತದ ಸಕ್ಕರೆಯನ್ನು ಇಳಿಸಿ, ಗ್ರಂಥಿಯು ಎಚ್ಚರಗೊಳ್ಳುವುದೋ ಇಲ್ಲವೋ ಎಂದು ನೋಡುವರು. ಇದು ಅಪಾಯವುಳ್ಳದ್ದಾದುದರಿಂದ ವೈದ್ಯರ ಕಣ್ಣೆದುರಿಗೇ ನಡೆಯತಕ್ಕದ್ದು. ಅಡ್ರೀನಲ್ ಗ್ರಂಥಿಯನ್ನು ಕೃತಕವಾಗಿ ಪ್ರಚೋದಿಸಿ ಅರ್ಧ ಘಂಟೆಯ ತರುವಾಯ ಕಾರ್ಟಿಸಾಲನ್ನು ಅಳೆಯುವುದು ಇನ್ನೊಂದು ಕ್ರಮ. ಪಿಟ್ಯುಟರಿಯು ಹೊಸದಾಗಿ ಕೆಟ್ಟಿದ್ದರೆ ಅಡ್ರೀನಲ್ ಇನ್ನೂ ಸೊರಗದೆ ಇರುವುದರಿಂದ ಇದು ಮೋಸಗೊಳಿಸಬಹುದು. ಸಾದೃಶ್ಯವಿಷ್ಟೇ; ಉಪಶಯವು ರೋಗಿಗೆ ಸುಖವನ್ನು ಕೊಟ್ಟು ರೋಗವನ್ನು ತಿಳಿಸುವುದು, ಈ ಪರೀಕ್ಷೆಗಳು ಪ್ರಶ್ನೆಯನ್ನು ಕೇಳುವುವಷ್ಟೆ. ಭ್ರೂಮಧ್ಯದ ಆಜ್ಞಾಚಕ್ರವೇ ಪಿಟ್ಯುಟರಿಯೆಂದು ಹೇಳಿ ಹಿಗ್ಗುವವರ ಸಾಲಿಗೆ ನಾನು ಸೇರಲಾರೆ. ಪೂರ್ವಿಕರ ಗೌರವವು ಅವರು ಹೇಳದುದನ್ನು ಅವರ ಬಾಯಲ್ಲಿ ತುರುಕುವುದರಿಂದ ಹೆಚ್ಚುವುದಿಲ್ಲ.

ನಿರ್ಣಯವು ಪೂರ್ಣವಾಗಿರಬೇಕೆಂಬುದಕ್ಕೆ ಚಿಕಿತ್ಸೆಯ ಕ್ರಮವೇ ಸಾಕ್ಷಿ. ಅಡ್ರೀನಲ್ ಮತ್ತು ಥೈರಾಯಿಡ್ ಎರಡರ ವ್ಯಾಪಾರವೂ ಕುಗ್ಗಿದಾಗ ಮೊದಲು ಹೈಡ್ರೊಕಾರ್ಟಿಸೋನನ್ನೂ ಆಮೇಲೆ ಥೈರಾಕ್ಸಿನ್ನನ್ನೂ ಕೊಡತಕ್ಕದ್ದು. ಕ್ರಮವು ವ್ಯತ್ಯಾಸವಾದರೆ ದೇಹವು ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ‘ಥೈರಾಯಿಡ್ ಕೊರತೆ’ ಎಂಬ ಅರ್ಧಹೆಸರನ್ನು ನಂಬಿ ಅರ್ಧಚಿಕಿತ್ಸೆಯನ್ನು ಮಾಡಿದರೆ ಔಷಧವೇ ಶತ್ರುವಾಗುವುದು.

೬

ಹೆಸರು ಪ್ರಾಣವನ್ನು ತೆಗೆಯಬಲ್ಲುದೆಂಬ ಮಾತು ಅತಿಶಯೋಕ್ತಿಯೆಂದು ತೋರಿದರೆ, ಇದೇ ‘ಇ ೨೩’ರ ಎರಡನೆಯ ವಿಭಾಗವನ್ನು ನೋಡಬಹುದು. ವಾಸೊಪ್ರೆಸಿನ್ನಿನ ಕೊರತೆಯಿಂದ ನೀರಿನಂಥ ಮೂತ್ರವು ಅತಿಯಾಗಿ ಹೋಗುವ ವ್ಯಾಧಿಗೆ ‘ಡಯಾಬಿಟೀಸ್ ಇನ್ಸಿಪಿಡಸ್’ ಎಂದು ಹೆಸರು. ಮೊದಲನೆಯ ಪದಕ್ಕೆ ಹರಿದುಹೋಗುವುದೆಂದೂ ಎರಡನೆಯದಕ್ಕೆ ರುಚಿಯಿಲ್ಲದುದೆಂದೂ ಅರ್ಥ. ಸಕ್ಕರೆಯ ರೋಗಕ್ಕೂ ಮೊದಲ ಪದವು ಅದೇ ಆದುದರಿಂದ, ಕೇಳಿದವರು ವಿಶೇಷಣವನ್ನು ಮರೆತು ವಿಶೇಷ್ಯವನ್ನೇ ಹಿಡಿದರು. ಆಸ್ಪತ್ರೆಗಳಲ್ಲಿಯೂ ಇದನ್ನು ಸಕ್ಕರೆಯ ರೋಗವೆಂದು ಭಾವಿಸಿ, ಕೊಡಲೇಬೇಕಾದ ಡೆಸ್ಮೊಪ್ರೆಸಿನ್ ಎಂಬ ಔಷಧವನ್ನು ಕೊಡದೆ ಹೋದುದರಿಂದ ಸಾವುಗಳೂ ಸಂಭವಿಸಿದುವು. ಈ ಕಾರಣದಿಂದ ೨೦೨೨ರಲ್ಲಿ ಹಲವು ದೇಶಗಳ ಗ್ರಂಥಿವೈದ್ಯರ ಸಂಘಗಳು ಕೂಡಿ, ಹಳೆಯ ಹೆಸರನ್ನು ಬಿಟ್ಟು, ಪಿಟ್ಯುಟರಿಯಿಂದಾದುದಕ್ಕೆ ವಾಸೊಪ್ರೆಸಿನ್ ಕೊರತೆಯೆಂದೂ ಮೂತ್ರಪಿಂಡವು ಅದಕ್ಕೆ ಓಗೊಡದಿರುವುದಕ್ಕೆ ವಾಸೊಪ್ರೆಸಿನ್ ಪ್ರತಿರೋಧವೆಂದೂ ಹೆಸರಿಡುವಂತೆ ಸೂಚಿಸಿದುವು. ರೋಗಿಗಳ ಅನುಭವವು ಈ ನಿರ್ಧಾರಕ್ಕೆ ಮುಖ್ಯ ಕಾರಣವಾಯಿತೆಂಬುದು ಗಮನಾರ್ಹ.

ನಮ್ಮಲ್ಲಿಯೂ ಪ್ರಮೇಹಗಳಲ್ಲಿ ಉದಕಮೇಹ, ಮಧುಮೇಹ ಎಂಬ ಭೇದಗಳಿವೆ. ವಿಶೇಷಣವು ಪೂರ್ವಪದವಾಗಿ ಮೊದಲು ಕಿವಿಗೆ ಬೀಳುವುದೊಂದು ಗುಣ. ಆದರೆ ಮೇಹವೆಂಬ ಸಾಮಾನ್ಯಪದವು ಎರಡರಲ್ಲಿಯೂ ಇರುವುದರಿಂದ ಅದೇ ಅಪಾಯವು ಇಲ್ಲಿಯೂ ಉಂಟು. ಹಳೆಯದೆಂಬ ಕಾರಣಕ್ಕೆ ಉದಕಮೇಹವೆಂಬ ಹೆಸರನ್ನು ಈ ವ್ಯಾಧಿಗೆ ಅಂಟಿಸುವವರು ಎರಡು ಸಲ ಯೋಚಿಸಬೇಕು.

೭

ಕೊನೆಯದಾಗಿ ಕನ್ನಡದ ಮಾತು. ಸೋಮನಾಥನ ಕಲ್ಯಾಣಕಾರಕವನ್ನೂ ಮಂಗರಾಜನ ಖಗೇಂದ್ರಮಣಿದರ್ಪಣವನ್ನೂ ಪಡೆದ ಭಾಷೆಯು ವೈದ್ಯಕ್ಕೆ ಅಸಮರ್ಥವೆಂದು ಯಾರೂ ಹೇಳಲಾರರು. ಪ್ರಶ್ನೆಯಿರುವುದು ಹೆಸರುಗಳ ಆಯ್ಕೆಯಲ್ಲಿ. ಗ್ರಂಥಿಗೆ ಪಾಠಪುಸ್ತಕಗಳಲ್ಲಿ ರೂಢವಾದ ‘ಪಿಟ್ಯುಟರಿ’ ಎಂಬುದನ್ನೇ ಇಟ್ಟುಕೊಳ್ಳುವುದು ಮೇಲು. ವ್ಯಾಪಾರವು ಕುಗ್ಗುವುದಕ್ಕೆ ‘ಮಾಂದ್ಯ’ವೆಂಬ ಪದವು ಉಚಿತ. ಅಗ್ನಿಮಾಂದ್ಯವೆಂಬ ಮಾತು ಮನೆಮನೆಯಲ್ಲಿ ತಿಳಿದಿದೆ. ಪೂರ್ಣನಾಶವನ್ನು ಹೇಳದೆ ತರತಮವನ್ನು ಸೂಚಿಸುವ ಗುಣವೂ ಅದಕ್ಕಿದೆ. ಎಲ್ಲ ಹಾರ್ಮೋನುಗಳೂ ಕುಗ್ಗಿದರೆ ಸರ್ವಮಾಂದ್ಯ, ಒಂದೇ ಆದರೆ ಏಕದೇಶಮಾಂದ್ಯ.

ಷೀಹನನ ಹೆಸರಿನ ವ್ಯಾಧಿಗೆ ‘ಬಾಣಂತಿ’ ಎಂಬ ಪದವನ್ನು ಸೇರಿಸೋಣವೆಂದು ಮೊದಲು ನನಗೂ ತೋರಿತು. ಬಾಣಂತಿ ಸನ್ನಿ ಮೊದಲಾದ ಮಾತುಗಳು ಬಳಕೆಯಲ್ಲಿವೆಯಷ್ಟೆ. ಆದರೆ ಬಾಣಂತಿತನವು ಕಾಲವನ್ನು ಹೇಳುವುದು. ಈ ವ್ಯಾಧಿಯು ಗುರುತಿಗೆ ಬರುವಾಗ ಆ ಕಾಲವು ಕಳೆದು ಮಗುವು ಶಾಲೆಗೆ ಹೋಗುತ್ತಿರುವುದು. ಆದುದರಿಂದ ‘ಪ್ರಸವಜ ಪಿಟ್ಯುಟರಿ ಮಾಂದ್ಯ’ ಎಂಬುದನ್ನು ಸೂಚಿಸುತ್ತೇನೆ. ಇಲ್ಲಿಯ ಜಕಾರವು ಹೇತುವನ್ನು ಹೇಳುವುದರಿಂದ ಎಷ್ಟು ವರ್ಷ ಕಳೆದರೂ ಹೆಸರು ಸುಳ್ಳಾಗದು. ಕೇಳಿದ ವೈದ್ಯನ ಮನಸ್ಸನ್ನು ಹೆರಿಗೆಯ ಕಡೆಗೆ ತಿರುಗಿಸದೆಯೂ ಇರದು. ವೈದ್ಯರು ಇದಕ್ಕಿಂತ ಉತ್ತಮವಾದುದನ್ನು ಸೂಚಿಸಿದರೆ ಸಂತೋಷದಿಂದ ಒಪ್ಪುತ್ತೇನೆ.

ಆ ಕಾಗದವನ್ನು ತಂದಿದ್ದ ಮನೆಯವರಿಗೆ ಅಂಕೆಯ ಅರ್ಥವನ್ನು ಹೇಳಿದ ದಿನ ನಾನು ಮೂರು ಪ್ರಶ್ನೆಗಳನ್ನು ಕೇಳಿದೆ. ಹೆರಿಗೆಯಲ್ಲಿ ರಕ್ತ ಬಹಳ ಹೋಗಿತ್ತೆ? ಮಗುವಿಗೆ ಎದೆಹಾಲು ಬಂದಿತ್ತೆ? ಆಮೇಲೆ ಮುಟ್ಟು ಮರಳಿತೆ? ಮೊದಲನೆಯದಕ್ಕೆ ಹೌದೆಂದೂ ಉಳಿದೆರಡಕ್ಕೆ ಇಲ್ಲವೆಂದೂ ಆ ತಾಯಿ ತಾನೇ ಉತ್ತರ ಕೊಟ್ಟಳು. ಅಷ್ಟು ವರ್ಷಗಳಲ್ಲಿ ಮನೆಯವರು ಅದನ್ನು ಹಣೆಬರಹವೆಂದು ತಿಳಿದಿದ್ದರು. ಬೇರೆ ಯಾರೂ ಕೇಳಿರಲಿಲ್ಲ. ಮಗುವು ಆಕಳ ಹಾಲಿನಲ್ಲಿ ಬೆಳೆದು ಈಗ ದೊಡ್ಡವನಾಗಿದ್ದಾನೆ. ಆಕೆಯೂ ಔಷಧವನ್ನು ಕ್ರಮವಾಗಿ ಸೇವಿಸುತ್ತ ಮನೆಗೆಲಸವನ್ನು ನೋಡಿಕೊಳ್ಳುವಷ್ಟು ಚೇತರಿಸಿಕೊಂಡಿದ್ದಾಳೆ. ಸರಿಯಾದ ಹೆಸರು ಈ ಮೂರು ಪ್ರಶ್ನೆಗಳನ್ನು ತನ್ನೊಳಗೆ ಇಟ್ಟುಕೊಂಡಿರಬೇಕೆಂಬುದೇ ಈ ಲೇಖನದ ಸಾರ. ಅನಧಿಕಾರಿಯ ಮಾತಿನಲ್ಲಿ ದೋಷಗಳಿದ್ದರೆ ವೈದ್ಯಮಹಾಶಯರು ತಿದ್ದಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.